ಸಿಕ್ಸ್‌ಟೀನೋ ಸಿಕ್ಸ್‌ಟಿಯೋ: ಹೋಂಸ್ಟೇ ನಡೆಸುವವರಿಗೆ, ಗೈಡ್‌ಗಳಿಗೆ ಉಚ್ಚಾರಣೆಯ ಪಾಠ

ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ. ನೀವು 'ಸಿಕ್ಸ್‌ಟೀನ್' ಅಂದದ್ದು ವಿದೇಶಿ ಅತಿಥಿಗೆ 'ಸಿಕ್ಸ್‌ಟಿ' ಅಂತ ಕೇಳಿಸಿದರೆ ಅವರು ಹಳೇಬೀಡನ್ನೇ ಕೈಬಿಟ್ಟಾರು. ಇಲ್ಲಿ ಕೆಡುವುದು ಒತ್ತು. ಕನ್ನಡದಲ್ಲಿ ಪದದ ಮೊದಲಿಗೇ ಭಾರ ಹಾಕುವುದು ನಮ್ಮ ರೂಢಿ. ಹಾಗಾಗಿ ಎರಡೂ ಸಂಖ್ಯೆಯಲ್ಲಿ 'ಸಿಕ್ಸ್' ಗಟ್ಟಿಯಾಗಿ, ಕೊನೆ ಮಸುಕಾಗುತ್ತದೆ. 16 ಹೇಳುವಾಗ 'ಟೀನ್' ಎಳೆದು, ಜೋರಾಗಿ, ಕೊನೆಯ ನಕಾರ ಕೇಳುವಂತೆ ಹೇಳಿ. 60ಕ್ಕೆ 'ಸಿಕ್ಸ್' ಜೋರು, 'ಟಿ' ಚುಟುಕು. ಬಾಡಿಗೆ, ದೂರ, ಸಮಯ ಹೇಳುವಾಗ 'ಒನ್ ಸಿಕ್ಸ್' ಅಂತ ಅಂಕಿಯನ್ನೂ ಬಿಡಿಸಿಬಿಡಿ. ಹೋಟೆಲ್, ಎಸ್ಟೇಟ್, ಪೊಲೀಸ್ ಇವಕ್ಕೂ ಭಾರ ಬೀಳಬೇಕಾದ್ದು ಕೊನೆಯ ಭಾಗಕ್ಕೆ.

ಲಂಡನ್ನಿನವರ ಹಾಗೆ ಮಾತಾಡಬೇಕೆಂಬ ಹಟ ಬೇಡ. ಟ, ಡ ಹೇಳುವಾಗ ನಾಲಿಗೆ ಮಡಚಿದರೂ ಅರ್ಥ ಕೆಡುವುದು ಅಪರೂಪ, ಅದನ್ನು ಬಿಟ್ಟುಬಿಡಿ. ಅರ್ಥವನ್ನೇ ತಿರುಗಿಸುವ ನಾಲ್ಕೈದು ಕಡೆ ಮಾತ್ರ ತಿದ್ದಿಕೊಂಡರೆ ಸಾಕು.

ಮೊದಲನೆಯದು ಉಸಿರು. ಇಂಗ್ಲಿಷ್ ಪದದ ಮೊದಲಿಗೆ ಬರುವ ಪ, ಟ, ಕ ಜೊತೆ ಒಂದು ಪುಟ್ಟ ಉಸಿರು ಹೊರಬೀಳುತ್ತದೆ. ನಮ್ಮ ಪಕಾರಕ್ಕೆ, ಕಕಾರಕ್ಕೆ ಆ ಉಸಿರಿಲ್ಲ, ಹಾಗಾಗಿ ಅವರ ಕಿವಿಗೆ 'ಕೋಟ್' 'ಗೋಟ್' ಆಗುತ್ತದೆ, 'ಪ್ಯಾಕ್' 'ಬ್ಯಾಕ್' ಆಗುತ್ತದೆ. ತೆಳು ಕಾಗದದ ಪಟ್ಟಿಯೊಂದನ್ನು ತುಟಿಯಿಂದ ಎರಡು ಬೆರಳು ದೂರ ಹಿಡಿದು 'ಪೆಪ್ಪರ್' ಅನ್ನಿ. ಮೊದಲ ಪಕಾರಕ್ಕೆ ಕಾಗದ ಅಲುಗಬೇಕು, ಎರಡನೆಯದಕ್ಕೆ ಅಷ್ಟು ಅಲುಗಬೇಕಿಲ್ಲ. ಅಲುಗದಿದ್ದರೆ ತುಟಿ ಬಿಡುವ ಕ್ಷಣದಲ್ಲಿ ಹಕಾರದ ಎಳೆ ಸೇರಿಸಿ. ಪೂರ್ತಿ ಮಹಾಪ್ರಾಣದಷ್ಟು ಬೇಡ. 'ಸ್ಪೈಸ್' ತರಹ ಸಕಾರದ ನಂತರ ಬಂದರೆ ಉಸಿರೇ ಇಲ್ಲ.

ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿ 'ಪೆಪ್ಪರ್ ವೈನ್' ಅಂದರೆ ಅತಿಥಿಗೆ ಕುಡಿಯುವ ವೈನ್ ನೆನಪಾಗಬಹುದು. ನಮ್ಮ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಲ್ಲುತ್ತದೆ. ಬಳ್ಳಿಯ 'ವೈನ್' (vine) ಹೇಳುವಾಗ ಮೇಲ್ಹಲ್ಲು ಕೆಳತುಟಿಗೆ ತಾಗಿ ಗುಂಯ್‌ಗುಡಬೇಕು. ಕುಡಿಯುವ 'ವೈನ್'ಗೆ (wine) ಹಲ್ಲು ತಾಗಲೇಬಾರದು, ತುಟಿ ಸೀಟಿ ಹಾಕುವಂತೆ ದುಂಡಗಾಗಬೇಕು.

'ಎಲ್ಲಿ' ಅನ್ನುವುದನ್ನು ನಾವು 'ಯೆಲ್ಲಿ' ಅಂತಲೂ 'ಒಂದು' ಅನ್ನುವುದನ್ನು 'ವೊಂದು' ಅಂತಲೂ ಹೇಳುತ್ತೇವೆ. ಅದೇ ಬಾಯಿ 'ಎಗ್' ಅನ್ನು 'ಯೆಗ್' ಮಾಡುತ್ತದೆ, 'ಓನ್ಲಿ'ಯನ್ನು 'ವೋನ್ಲಿ' ಮಾಡುತ್ತದೆ. ಬಾಯಿ ಮೊದಲೇ ತೆರೆದಿಟ್ಟು ಸ್ವರದಿಂದಲೇ ಶುರುಮಾಡಿ. ಹಾಸನದ ಹಳ್ಳಿಗಳ ಕಡೆ ಹಾಲು 'ಆಲು' ಆಗುವುದುಂಟು. ಊರಮಾತಿಗೆ ಅದು ಸೊಗಸು, ಬದಲಿಸಬೇಡಿ. ಇಂಗ್ಲಿಷಿಗೆ ಮಾತ್ರ ಹಕಾರ ಉಳಿಸಿಕೊಳ್ಳಿ. ಇಲ್ಲದಿದ್ದರೆ 'ಹೀಟ್' ಮಾಡುವುದು 'ಈಟ್' ಮಾಡಿದಂತಾಗುತ್ತದೆ. ಕೊನೆಗೆ ಉಕಾರ ಅಂಟಿಸಿ 'ರೋಡು, ಬಸ್ಸು' ಅನ್ನುವುದನ್ನೂ ಕತ್ತರಿಸಿ.

ಅವರ ಮಾತು ನಮಗೆ ತಿಳಿಯುವುದು ಇನ್ನೊಂದು ಪಾಡು. ಅಮೆರಿಕದವರು ಎರಡು ಸ್ವರಗಳ ನಡುವಿನ ಟಕಾರವನ್ನು ನಾಲಿಗೆ ತುದಿ ತಾಗಿಸಿ ಬಿಡುತ್ತಾರೆ, 'ವಾಟರ್' ನಮ್ಮ ಕಿವಿಗೆ 'ವಾಡರ್', ಕೆಲವೊಮ್ಮೆ 'ವಾರರ್'. ಅವರಲ್ಲೂ ಸ್ಕಾಟ್‌ಲೆಂಡಿನವರಲ್ಲೂ ಪದದ ಕೊನೆಯ ರಕಾರ ಕೇಳುತ್ತದೆ. ದಕ್ಷಿಣ ಇಂಗ್ಲೆಂಡ್, ಆಸ್ಟ್ರೇಲಿಯಾದವರಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ, 'ಕಾರ್' ಬರೀ 'ಕಾ'. ಆಸ್ಟ್ರೇಲಿಯಾದವರ 'ಟುಡೇ' ನಮಗೆ 'ಟುಡೈ' ಅನಿಸಬಹುದು. ಉತ್ತರ ಇಂಗ್ಲೆಂಡಿನ 'ಕಪ್' 'ಕುಪ್' ಆಗಿರುತ್ತದೆ. ನ್ಯೂಜಿಲೆಂಡಿನವರು 'ಚಿಕ್ ಇನ್' ಅಂದಂತಿದ್ದರೆ ಅದು 'ಚೆಕ್ ಇನ್'. ಲಂಡನ್ ಕಡೆಯ ಕೆಲವರ ಬಾಯಲ್ಲಿ 'ತ್ರೀ' 'ಫ್ರೀ' ಆಗುವುದರಿಂದ, ಬಿಲ್ ವಿಷಯ ಬಂದಾಗ ಬೆರಳು ತೋರಿಸಿ ಖಚಿತಪಡಿಸಿಕೊಳ್ಳಿ.

ಅರ್ಥವಾಗದಿದ್ದರೆ ಸುಮ್ಮನೆ 'ಎಸ್ ಎಸ್' ಅನ್ನಬೇಡಿ. ಕೇಳಿಸಿದಷ್ಟನ್ನು ಪ್ರಶ್ನೆಯಾಗಿ ವಾಪಸ್ ಹೇಳಿ: 'ಟೂ ಟವೆಲ್ಸ್, ಆ್ಯಂಡ್?' ಆಗ ನಿಮಗೆ ಕೇಳಿಸದ ಭಾಗವನ್ನಷ್ಟೇ ಅವರು ನಿಧಾನವಾಗಿ ಹೇಳುತ್ತಾರೆ.

ಅಭ್ಯಾಸಕ್ಕೆ ಫೋನಿನ ವಾಯ್ಸ್ ಟೈಪಿಂಗ್ ಸಾಕು. ಭಾಷೆಯನ್ನು ಭಾರತದ ಇಂಗ್ಲಿಷ್ ಬದಲು ಬ್ರಿಟನ್ ಅಥವಾ ಅಮೆರಿಕದ್ದಕ್ಕೆ ಇಡಿ, ಭಾರತದ್ದು ನಮ್ಮ ಉಚ್ಚಾರಣೆಗೆ ಹೊಂದಿಕೊಂಡುಬಿಡಬಹುದು. ಬಿಡಿ ಪದ ಬೇಡ, 'ಹಳೇಬೀಡು ಈಸ್ ಸಿಕ್ಸ್‌ಟೀನ್ ಕಿಲೋಮೀಟರ್ಸ್ ಫ್ರಮ್ ಹಿಯರ್' ತರಹದ, ದಿನವೂ ಬಳಸುವ ಇಡೀ ವಾಕ್ಯ ಹೇಳಿ. ಪರದೆಯಲ್ಲಿ 60 ಬಂದರೆ 'ಟೀನ್' ಇನ್ನೂ ಎಳೆಯಬೇಕು.