ಒಡವೆ ಅಡ ಇಟ್ಟ ಗುಟ್ಟು ಯಾರ ಹತ್ರ ಹೇಳ್ತೀರಾ?

ಮೊದಲ ಸಭೆ ನಡೆಸಿದ್ದು ಬೆಂಗಳೂರಿನ ಲಗ್ಗೆರೆಯ ಒಂದು ಮನೆಯ ತಾರಸಿ ಮೇಲೆ, ಭಾನುವಾರ ಸಂಜೆ. ಸ್ತ್ರೀಶಕ್ತಿ ಸಂಘದ ಹದಿನಾಲ್ಕು ಹೆಂಗಸರು, ಮುಕ್ಕಾಲು ಪಾಲು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವವರು. ನಾನೂ ಆರು ವರ್ಷ ಕಾಲರ್ ಹೊಲಿದು ಆಮೇಲೆ ಆರೋಗ್ಯದ ಕೆಲಸಕ್ಕೆ ಬಂದವಳು. ನನ್ನ ಮಾತು ಕೇಳ್ತಾರೆ ಅಂತ ಧೈರ್ಯ. ಚಿತ್ರದ ಹಾಳೆ ತಿರುಗಿಸುತ್ತಾ, ಎಚ್‌ಐವಿ ಬರದ ಹಾಗೆ ತಡೆಯೋ ಮಾತ್ರೆ ಇದೆ, ಪ್ರೆಪ್ ಅಂತಾರೆ ಅಂದೆ. ಮೂರನೇ ಹಾಳೆಗೇ ಒಬ್ಬರು ಸೆರಗು ಕೊಡವಿಕೊಂಡು ಎದ್ದರು. "ನಮ್ಮನ್ನ ಏನಂದ್ಕೊಂಡಿದೀಯಮ್ಮಾ?" ಉಳಿದವರು ನೀರು ಬಿಡೋ ಹೊತ್ತಾಯ್ತು, ಅನ್ನಕ್ಕಿಡಬೇಕು ಅಂತ ಒಬ್ಬೊಬ್ಬರಾಗಿ ಇಳಿದುಹೋದರು. ಕಾಫಿ ಪೂರ್ತಿ ಉಳಿಯಿತು.

ತಪ್ಪು ನನ್ನದೇ. ಅಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಿದ್ದರೆ ಮಿಕ್ಕ ಹದಿಮೂರು ಮಂದಿ ಅವಳ ಗಂಡನ ಲೆಕ್ಕ ಹಾಕುತ್ತಿದ್ದರು. ಅದಕ್ಕೇ ಒಬ್ಬೊಬ್ಬರನ್ನೇ ಹಿಡಿದು, "ಆರೋಗ್ಯದ ವಿಷಯ ಯಾರ ಜೊತೆ ಮಾತಾಡ್ತೀರಾ?" ಅಂತ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: ಅಕ್ಕ, ಅಮ್ಮ, ನಾದಿನಿ. ಕೇಳೋರ ಬಾಯಿ ಮುಚ್ಚಿಸೋಕೆ ಕೊಡೋ ಉತ್ತರ ಅದು. ಸ್ವಂತ ಅಕ್ಕನಿಗೆ ಹೇಳಿದ್ದು ಹಬ್ಬಕ್ಕೆ ಮುಂಚೆ ಊರು ಮುಟ್ಟಿರುತ್ತೆ ಅನ್ನೋದು ಯಾರಿಗೆ ಗೊತ್ತಿಲ್ಲ?

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. "ಗಂಡನಿಗೆ ಗೊತ್ತಾಗದ ಹಾಗೆ ಒಡವೆ ಅಡ ಇಡಬೇಕು ಅಂದ್ರೆ ಯಾರ ಹತ್ರ ಹೇಳ್ತೀರಾ?" ನಕ್ಕರು, ಆದರೆ ಹೇಳಿದರು. ಆ ನಾಲ್ಕು ಬೀದಿಯಲ್ಲಿ ಮತ್ತೆ ಮತ್ತೆ ಬಂದದ್ದು ಮೂರೇ ಹೆಸರು. ಮೂವರಲ್ಲಿ ಯಾರೂ ಯಾರಿಗೂ ನೆಂಟರಲ್ಲ. ಒಬ್ಬರು ಟೆಂಪೋದಲ್ಲಿ ಪಕ್ಕದ ಸೀಟಿನವರು, ಇನ್ನೊಬ್ಬರು ಫಾಲ್ ಹಾಕಿಕೊಡೋರು, ಮತ್ತೊಬ್ಬರು ಚೀಟಿ ನಡೆಸೋ ಅಕ್ಕ. ಈ ಚೀಟಿ ಅಕ್ಕನಿಗೆ ಯಾರ ಮಾಂಗಲ್ಯ ಯಾವ ಬ್ಯಾಂಕಿನಲ್ಲಿದೆ ಅಂತ ಬಾಯಿಪಾಠ. ಹತ್ತು ವರ್ಷದಿಂದ ಒಂದು ಮಾತು ಹೊರಗೆ ಬಿದ್ದಿಲ್ಲ. ನನ್ನ ಕೆಲಸ ನಿಜವಾಗಿ ಶುರುವಾದದ್ದು ಅವರ ಜಗುಲಿಯಿಂದ.

ಅಕ್ಕ ಪಾಠ ಕೇಳೋ ಪೈಕಿ ಅಲ್ಲ. ಹತ್ತು ನಿಮಿಷದಲ್ಲಿ ನನ್ನ ಮಾತನ್ನೆಲ್ಲ ಒಂದಕ್ಕೆ ಇಳಿಸಿದರು: "ಹಂಗಾದ್ರೆ ಮಾಲಾ-ಎನ್ ಥರ ಅನ್ನು. ಅದು ಬಸುರು ತಡೆಯೋಕೆ, ಇದು ಕಾಯಿಲೆ ತಡೆಯೋಕೆ." ವರ್ಷಗಟ್ಟಲೆ ತರಬೇತಿಯಲ್ಲಿ ನನಗೆ ಹೊಳೆಯದ ಮಾತು. ದಿನಾ ಒಂದು ನುಂಗಬೇಕು, ಬಿಟ್ಟರೆ ಕೆಲಸ ಮಾಡಲ್ಲ ಅನ್ನೋದನ್ನ ಮತ್ತೆ ವಿವರಿಸಬೇಕಾಗಿಲ್ಲ. ಉಳಿದದ್ದನ್ನ ನಾನು ಸೇರಿಸಿದೆ. ಇದರಲ್ಲಿರೋದು ಟೆನೊಫೊವಿರ್, ಎಮ್ಟ್ರಿಸಿಟಬಿನ್ ಅನ್ನೋ ಎರಡು ಔಷಧಿ. ಶುರುಮಾಡೋ ಮುಂಚೆ ಎಚ್‌ಐವಿ ಇಲ್ಲ ಅಂತ ಪರೀಕ್ಷೆಯಲ್ಲಿ ಖಚಿತವಾಗಬೇಕು, ಕಿಡ್ನಿಯದೂ ನೋಡ್ತಾರೆ, ಮೂರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಬೇಕಾದಾಗ ಮಾತ್ರ ನುಂಗೋ ಕ್ರಮ ಹೆಂಗಸರಿಗಲ್ಲ. ಮೊದಲ ಮೂರು ವಾರ ಕಾಂಡೋಮ್ ಬಿಡೋ ಹಾಗೇ ಇಲ್ಲ. ಬಸುರು, ಸಿಫಿಲಿಸ್ ಇತ್ಯಾದಿಗಳನ್ನ ಇದು ತಡೆಯಲ್ಲ. ಶುರುವಿನಲ್ಲಿ ಹೊಟ್ಟೆ ತೊಳಸಬಹುದು.

ಇಷ್ಟೆಲ್ಲ ಅಕ್ಕ ಹೇಳಬೇಕಾಗಿಲ್ಲ. ಅವರಿಗೆ ಒಪ್ಪಿಸಿದ್ದು ಮೂರೇ ಮಾತು: ಇಂಥ ಮಾತ್ರೆ ಇದೆ; ದೊಡ್ಡಾಸ್ಪತ್ರೆಯ ಐಸಿಟಿಸಿಯಲ್ಲಿ, ಅಂದ್ರೆ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರದಲ್ಲಿ, ಕೇಳಿದರೆ ದಾರಿ ಹೇಳ್ತಾರೆ, ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ; ಆಗಬಾರದ್ದು ಆಗಿಹೋಗಿದ್ದರೆ 72 ಗಂಟೆಯೊಳಗೆ ಓಡಿ, ಸೋಂಕು ಅಂಟದ ಹಾಗೆ 28 ದಿನದ ಬೇರೆ ಔಷಧಿ ಇದೆ. ಯಾರಿಗೆ ಹೇಳಿದಿರಿ ಅಂತ ನಾನು ಕೇಳೋ ಹಾಗಿಲ್ಲ, ಅವರು ಹೇಳೋ ಹಾಗಿಲ್ಲ.

ಇಲ್ಲೊಂದು ವಿಚಿತ್ರ. ಮೈಸೂರಿನ ಆಶೋದಯ ಸಮಿತಿ, ಕೋಲ್ಕತ್ತಾದ ಸೋನಾಗಾಚಿಯ ದುರ್ಬಾರ್ ಸಂಘಟನೆಗಳ ಲೈಂಗಿಕ ಕಾರ್ಯಕರ್ತೆಯರು ಈ ಮಾತ್ರೆಯನ್ನ ಎಷ್ಟೋ ವರ್ಷದ ಹಿಂದೆಯೇ ತಾವೇ ಪ್ರಯೋಗ ಮಾಡಿ ನೋಡಿದವರು. ತಾಳಿ ಕಟ್ಟಿಕೊಂಡ ನಮ್ಮ ಗಾರ್ಮೆಂಟ್ಸ್ ಲೈನಿನ ಹೆಂಗಸರಿಗೆ ಹೆಸರೂ ಗೊತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಪ್ರಶ್ನೆಗಳು ಬರತೊಡಗಿದವು, ಯಾವಾಗಲೂ "ನಮ್ಮ ಪಕ್ಕದ ಮನೆಯವರಿಗೆ" ಅಂತ. ಬಸುರು ತಡೆಯೋ ಅಂತರಾ ಸೂಜಿ ಗೊತ್ತಿದ್ದ ಒಬ್ಬಳು ಕೇಳಿದ್ದು: "ಅಂತರಾ ಥರ ಸೂಜಿ ಬರಲ್ವಾ?" ಬಂದಿದೆ. ಲೆನಕಾಪವಿರ್, ಆರು ತಿಂಗಳಿಗೊಮ್ಮೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಇದನ್ನು ಪಡೆದ 2,134 ಹೆಂಗಸರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಅಂತ 2024ರಲ್ಲಿ ವರದಿ ಬಂತು, ಮರುವರ್ಷ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಇಷ್ಟು ಹೇಳಿ, "ನಮ್ಮ ಬೀದಿಗೆ ಇನ್ನೂ ಬಂದಿಲ್ಲ" ಅಂದೆ. ಅವಳ ಮುಖ ನೋಡಿ ಹೇಳಬಾರದಿತ್ತೇನೋ ಅನ್ನಿಸಿತು. ಮನೆಯಲ್ಲಿ ಬಚ್ಚಿಡೋಕೆ ಏನೂ ಇಲ್ಲದ ಔಷಧಿ ಬೇಕಾಗಿತ್ತು ಅವಳಿಗೆ.

ಯಾಕಂದ್ರೆ ನಿಜವಾದ ಕಷ್ಟ ಇರೋದು ಡಬ್ಬಿಯದು. ಅಲ್ಲಾಡಿಸಿದರೆ ಗಲಗಲ ಅನ್ನುತ್ತೆ. ತೇವ ತಾಗಬಾರದು ಅಂತ ಒಳಗೆ ಸಣ್ಣ ಪೊಟ್ಟಣ ಇಟ್ಟಿರ್ತಾರೆ, ಹಾಗಾಗಿ ತಿಂಗಳ ಮಾತ್ರೆಯನ್ನೆಲ್ಲ ಬೇರೆ ಡಬ್ಬಿಗೆ ಸುರಿದಿಡೋದೂ ಸರಿಯಲ್ಲ. ಒಬ್ಬಳು (ಹೆಸರು, ಊರು ಎರಡನ್ನೂ ಬಿಟ್ಟು ಹೇಳ್ತೀನಿ) ಅದನ್ನ ರಾಗಿ ಡಬ್ಬದ ಹಿಂದೆ ಇಟ್ಟಿದ್ದಳು. ಅವಳ ಗಂಡನಿಗೆ ಸೋಂಕಿತ್ತು. ಎಆರ್‌ಟಿ, ಅಂದ್ರೆ ಎಚ್‌ಐವಿ ಇದ್ದವರು ನುಂಗೋ ಔಷಧಿ, ಶುರುಮಾಡಿ ನಾಲ್ಕೇ ತಿಂಗಳಾಗಿತ್ತು. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ನಿಂತರೆ ಅವನಿಂದ ಅವಳಿಗೆ ಹರಡಲ್ಲ; ಅಲ್ಲಿಯತನಕ ಅವಳು ಪ್ರೆಪ್ ತಗೋಬೇಕು ಅಂತ ಡಾಕ್ಟರ್ ಹೇಳಿದ್ದರು. ಅತ್ತೆಯ ಕೈಗೆ ಡಬ್ಬಿ ಸಿಕ್ಕಿತು. ಮೆಡಿಕಲ್ ಶಾಪಿಗೆ ಒಯ್ದು ತೋರಿಸಿದರು. "ಇದು ಏಡ್ಸ್ ಮಾತ್ರೆ ಅಜ್ಜಿ," ಅಂದನಂತೆ ಅಲ್ಲಿದ್ದ ಹುಡುಗ. ಎಆರ್‌ಟಿಯಲ್ಲೂ ಟೆನೊಫೊವಿರ್ ಇರೋದರಿಂದ ಅವನು ಕಂಡದ್ದು ಅಷ್ಟೇ.

ಸೊಸೆ ಬಾಯಿ ಬಿಡಲಿಲ್ಲ. ಬಿಟ್ಟರೆ ಮಗನ ವಿಷಯ ಹೊರಬೀಳುತ್ತೆ. ನಾನೂ ಹೇಳೋ ಹಾಗಿಲ್ಲ; ಒಬ್ಬರ ಸೋಂಕಿನ ವಿಷಯವನ್ನ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು ಅಂತ 2017ರ ಕಾಯ್ದೆಯೇ ಇದೆ. ಕಾಯ್ದೆ ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ಎರಡು ರಾತ್ರಿ ಸೊಸೆ ವರಾಂಡದಲ್ಲಿ ಮಲಗಿದಳು.

ಮೂರನೇ ದಿನ ಚೀಟಿ ದುಡ್ಡು ಕೇಳೋ ನೆಪದಲ್ಲಿ ಅಕ್ಕ ಹೋದರು. ಅವರಿಗೂ ಗಂಡನ ವಿಷಯ ಗೊತ್ತಿರಲಿಲ್ಲ, ಊಹೆ ಇದ್ದಿರಬಹುದು. "ಅದು ಕಾಯಿಲೆ ಬಂದೋರು ನುಂಗೋದಲ್ಲ ಕಣಮ್ಮಾ, ಬರದೇ ಇರಲಿ ಅಂತ ನುಂಗೋದು. ತಗೋ ಅಂದೋಳು ನಾನೇ," ಅಂದರಂತೆ. ಸೊಸೆಯ ನೆಗೆಟಿವ್ ರಿಪೋರ್ಟನ್ನ ಮುಂದೆ ಇಟ್ಟರು. ಅತ್ತೆಗೆ ಓದು ಬರಲ್ಲ, ಮೊಮ್ಮಗಳನ್ನ ಕರೆದು ಓದಿಸಲೂ ಇಲ್ಲ. ಸ್ವಲ್ಪ ಹೊತ್ತು ಕೂತಿದ್ದು, "ಯಾರಿಂದ ಬರದೇ ಇರಲಿ ಅಂತ?" ಎಂದಷ್ಟೇ ಕೇಳಿದರು. ಅಕ್ಕ ಕಾಫಿ ಕುಡಿದು ಲೋಟ ಕೆಳಗಿಟ್ಟು ಎದ್ದು ಬಂದರು. ಅವತ್ತು ರಾತ್ರಿ ಸೊಸೆ ಒಳಗೆ ಮಲಗಿದಳು.

ಫ್ಯಾಕ್ಟರಿ ಟೆಂಪೋ ನಿಲ್ಲೋದು ಅಕ್ಕನ ಮನೆ ಎದುರಿಗೇ. ಈಗ ಡಬ್ಬಿ ಅವರ ಬೀರುವಿನಲ್ಲಿ, ಚೀಟಿ ಪುಸ್ತಕದ ಪಕ್ಕ ಇರುತ್ತೆ. ಅವಳು ಬೆಳಿಗ್ಗೆ ನುಂಗಿ ಟೆಂಪೋ ಹತ್ತುತ್ತಾಳೆ, ಭಾನುವಾರದ್ದನ್ನ ಮಾತ್ರ ಹಿಂದಿನ ದಿನ ಕೊಂಡೊಯ್ಯುತ್ತಾಳೆ. ಮೊನ್ನೆ ಹೋದಾಗ ಬೀರು ತೆರೆದಿತ್ತು. ಮೂರು ಡಬ್ಬಿ, ಒಂದೊಂದಕ್ಕೂ ಒಂದೊಂದು ಬಣ್ಣದ ರಬ್ಬರ್ ಬ್ಯಾಂಡ್. ಉಳಿದೆರಡು ಯಾರದು ಅಂತ ನಾನು ಕೇಳಲಿಲ್ಲ.