21 ವ್ಯಾಟ್ ಬಲ್ಬಿಗೆ ಲೆಕ್ಕದಲ್ಲಿ 244 ವ್ಯಾಟ್ ಬರುತ್ತಿದ್ದರೆ
12 ವೋಲ್ಟ್, 21 ವ್ಯಾಟ್‌ನ ಫಿಲಮೆಂಟ್ ಬಲ್ಬ್. ಮಲ್ಟಿಮೀಟರ್‌ನಲ್ಲಿ ರೋಧ 0.6 ಓಮ್. ಬ್ಯಾಟರಿಯ 12.1 ವೋಲ್ಟಿನ ವರ್ಗವನ್ನು ಅದರಿಂದ ಭಾಗಿಸಿದರೆ 244 ವ್ಯಾಟ್!

ಮೀಟರಿನ ಸೆಲ್ ಬದಲಿಸಿದೆ, ಪ್ರೋಬ್ ತುದಿ ಉಜ್ಜಿದೆ, ಬೇರೆ ಬಲ್ಬ್ ಹಾಕಿ ನೋಡಿದೆ. ಅದೇ ಉತ್ತರ.

ತಪ್ಪು ಮೀಟರಿನದಲ್ಲ. ಟಂಗ್‌ಸ್ಟನ್ ತಂತಿ ಕಾದು ಬೆಳಗುವಾಗ ಅದರ ರೋಧ ತಣ್ಣಗಿದ್ದಾಗಿನ ಸುಮಾರು ಹತ್ತು ಪಟ್ಟು. ಬಲ್ಬ್ ಉರಿಯುತ್ತಿರುವಾಗಲೇ ಕರೆಂಟನ್ನೂ ವೋಲ್ಟನ್ನೂ ಅಳೆದು ಲೆಕ್ಕ ಹಾಕಬೇಕು.

ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಯಲನ್ನು ಡಿಸಿ 10 ಆಂಪಿಯರ್‌ಗೆ ತಿರುಗಿಸಿ, ಮೀಟರನ್ನು ಬಲ್ಬಿನೊಂದಿಗೆ ಸರಣಿಯಲ್ಲಿ ಜೋಡಿಸಿದೆ: 1.74 ಆಂಪಿಯರ್. ಆಮೇಲೆ ಮೀಟರ್ ಬಿಚ್ಚಿ, ಬಲ್ಬನ್ನು ನೇರ ಬ್ಯಾಟರಿಗೆ ಕೊಟ್ಟೆ. ಕೆಂಪು ವೈರನ್ನು ಮೊದಲು ವೋಲ್ಟ್ ತೂತಿಗೆ ಬದಲಿಸಿ (ಇದನ್ನು ಮರೆತರೆ ಶಾರ್ಟ್ ಆಗುತ್ತದೆ), ಡಿಸಿ 20 ವೋಲ್ಟ್‌ಗೆ ತಿರುಗಿಸಿ ಬಲ್ಬಿನ ಎರಡೂ ತುದಿಗೆ ಹಿಡಿದೆ: 12.1 ವೋಲ್ಟ್.

12.1 ÷ 1.74 = 6.95 ಓಮ್. 12.1 × 1.74 = 21.05 ವ್ಯಾಟ್.