ಶಾಲೆಗೆ ಏನು ಬೇಕು? ಎಸ್‌ಡಿಎಂಸಿ ಯೋಜನಾ ಸಭೆ ನಡೆಸುವ ಬಗೆ

ಮಂಡ್ಯ ಕಡೆಯ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕುರ್ಚಿ ಹಾಕಿ ಕೂತು 'ಏನೇನು ಬೇಕು ಹೇಳಿ' ಎಂದರೆ ಸಾಮಾನ್ಯವಾಗಿ ಮೊದಲು ಬರುವುದು ಕಾಂಪೌಂಡು, ಆಮೇಲೆ ಹೊಸ ಕೊಠಡಿ. ಚಿಲಕವಿಲ್ಲದ ಹೆಣ್ಣುಮಕ್ಕಳ ಶೌಚಾಲಯದ ಮಾತು ಏಳುವುದೇ ಇಲ್ಲ. ಅದಕ್ಕೇ ಮೊದಲು ಶಾಲೆ ಸುತ್ತಿ, ಆಮೇಲೆ ಕೂರಿ.

ದಿನ ಗೊತ್ತು ಮಾಡುವಾಗಲೇ ಅರ್ಧ ಕೆಲಸ ಆಗುತ್ತದೆ ಅಥವಾ ಕೆಡುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ನಾಟಿ, ಕಬ್ಬು ಕಟಾವಿನ ಕಾಲದಲ್ಲಿ ಬೆಳಗ್ಗೆ 11ಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಬರಲಾರರು, ರಿಜಿಸ್ಟರಿಗೆ ಸಹಿ ಮಾತ್ರ ಬರುತ್ತದೆ. ಭಾನುವಾರವೋ ಇಳಿಹೊತ್ತೋ ಇಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯ ಮುಂದಿನ ವರ್ಷದ ಯೋಜನೆ ಗ್ರಾಮಸಭೆಗೆ ಬರುವ ಮೊದಲೇ ನಿಮ್ಮ ಪಟ್ಟಿ ಸಿದ್ಧವಿರಲಿ. ತಡವಾದರೆ ಒಂದು ವರ್ಷ ಕಾಯಬೇಕು.

ಸುತ್ತುವಾಗ ನಾಲ್ಕೈದು ಜನರ ಮೂರು ಗುಂಪು ಮಾಡಿ. ಪ್ರತಿ ಗುಂಪಿಗೆ ಟೇಪು, ನೋಟ್‌ಬುಕ್ಕು, ಫೋಟೊ ತೆಗೆಯಲು ಒಂದು ಮೊಬೈಲು.

ಮೊದಲ ಗುಂಪು ತಾಯಂದಿರು ಮತ್ತು ಆರು, ಏಳನೇ ತರಗತಿಯ ಹುಡುಗಿಯರು. ಇವರು ಶೌಚಾಲಯ, ನೀರು ನೋಡಲಿ. ಇಲ್ಲಿ ಗಂಡಸರು ಜೊತೆಗಿರಬಾರದು, ಇದ್ದರೆ ಹುಡುಗಿಯರು ಬಾಯಿ ಬಿಡುವುದಿಲ್ಲ. 'ಶೌಚಾಲಯ ಇದೆ' ಎಂದು ಬರೆಯುವುದು ಸಾಲದು. ಎಷ್ಟಿವೆ, ಎಷ್ಟಕ್ಕೆ ಚಿಲಕವಿದೆ, ಎಷ್ಟಕ್ಕೆ ನೀರು ಬರುತ್ತದೆ, ಬೀಗದ ಕೈ ಯಾರ ಹತ್ತಿರ ಎಂದು ಬರೆಯಿರಿ. 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ ಎಂಬುದು ಕೇಂದ್ರ ಸರ್ಕಾರದ ಸ್ವಚ್ಛ ವಿದ್ಯಾಲಯ ಕಾರ್ಯಕ್ರಮದ ಅಳತೆ. ಕುಡಿಯುವುದಕ್ಕೇ ಮಗುವೊಂದಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹಿಡಿದರೆ, 120 ಮಕ್ಕಳಿಗೆ 180 ಲೀಟರ್ ಬೇಕು. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಬೇಕೆಂದೂ ಬರೆಯಿರಿ.

ಎರಡನೆಯ ಗುಂಪಿನದು ಚಾವಣಿ, ಗೋಡೆ, ವೈರಿಂಗ್. ಮಳೆ ಬಂದ ಮಾರನೇ ದಿನ ನೋಡಿದರೆ ಸೋರುವ ಜಾಗ ತಾನೇ ಕಾಣುತ್ತದೆ. ಹೆಂಚಿನ ಕಟ್ಟಡದಲ್ಲಿ ರೀಪು, ತೊಲೆಗೆ ಗೆದ್ದಲು ಹಿಡಿದಿದೆಯೇ ನೋಡಿ. ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಚಾವಣಿಯಲ್ಲಿ ತುಕ್ಕಿನ ಕಲೆ, ಸಿಮೆಂಟು ಉದುರಿ ಕಂಬಿ ಕಾಣುವುದು ಅಪಾಯದ ಗುರುತು. ಅಂಥ ಕೊಠಡಿಗೆ ಅಂದೇ ಬೀಗ ಹಾಕಿಸಿ. ರಿಪೇರಿ ಸಾಕೋ, ಕೆಡವಬೇಕೋ ಎಂಬುದನ್ನು ಎಂಜಿನಿಯರ್ ವರದಿ ಹೇಳಬೇಕು, ಸಮಿತಿಯಲ್ಲ.

ಮೂರನೆಯ ಗುಂಪು ಅಡುಗೆಯವರ ಜೊತೆ ಅಡುಗೆಮನೆ, ಅಂಗಳ, ಇಳಿಜಾರು ದಾರಿ ನೋಡಲಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಜಗಲಿ ಒಂದೂವರೆ ಅಡಿಯಿದ್ದರೆ 18 ಅಡಿ. ಆರಡಿಯಲ್ಲಿ ಮುಗಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿಯ ಮಗು ತಾನಾಗಿ ಹತ್ತಲಾರದು, ಇಳಿಯುವಾಗ ಬೀಳುತ್ತದೆ.

ಈಗ ಕೂತು ಪಟ್ಟಿ ಮಾಡಿ. ಮೊದಲು ಜೀವಕ್ಕೆ ಅಪಾಯವಾದದ್ದು, ಆಮೇಲೆ ಮಗುವನ್ನು ಶಾಲೆಯಿಂದ ದೂರವಿಡುವಂಥದ್ದು, ಉಳಿದದ್ದು ಕೊನೆಗೆ. ಕೈ ಎತ್ತಿಸಬೇಡಿ, ಅಧ್ಯಕ್ಷರು ಎತ್ತಿದ ಕಡೆಗೇ ಎಲ್ಲರ ಕೈ ಏಳುತ್ತದೆ. ಒಬ್ಬೊಬ್ಬರಿಗೆ ಐದು ಹುಣಸೆ ಬೀಜ ಕೊಟ್ಟು, ಬೇಡಿಕೆಗೊಂದು ಡಬ್ಬಿ ಇಟ್ಟು, ಮರೆಯಲ್ಲಿ ಹಾಕಿಸಿ. ಓದು ಬಾರದವರಿಗಾಗಿ ಡಬ್ಬಿಯ ಮೇಲೆ ಚಿತ್ರ ಅಂಟಿಸಿ. ಜೀವಕ್ಕೆ ಅಪಾಯವಾದದ್ದನ್ನು ಮಾತ್ರ ಬೀಜಕ್ಕೆ ಬಿಡಬೇಡಿ. ಅದು ಬಹುಮತದ ವಿಷಯವಲ್ಲ.

ಆಯ್ದ ಪ್ರತಿಯೊಂದಕ್ಕೂ ಬಾಗಿಲು ಬೇರೆ. ಚಿಲಕ, ನಲ್ಲಿ, ಬಲ್ಬು ಶಾಲೆಯ ವಾರ್ಷಿಕ ಅನುದಾನದಲ್ಲೇ ಆಗಬೇಕು. ಶಾಲೆಗಳಿಗೆ ಈ ಅನುದಾನ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ 31ರಿಂದ 100 ಮಕ್ಕಳ ಶಾಲೆಗೆ 25,000 ರೂಪಾಯಿ, 101ರಿಂದ 250ರವರೆಗೆ 50,000. ಕಾಂಪೌಂಡು, ಆಟದ ಮೈದಾನಕ್ಕೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಹೋಗಿ. ಕೊಠಡಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ಹೋಗುವ ಮೊದಲು ಜಾಗದ ದಾಖಲೆ ತೆಗೆಸಿ. ಹಳೆಯ ಶಾಲೆಗಳ ಜಾಗ ಹಲವು ಕಡೆ ಬಾಯಿಮಾತಿನ ದಾನವಾಗಿಯೇ ಉಳಿದಿದೆ. ಶಾಲೆಯ ಹೆಸರಿಗೆ ಕಾಗದವಿಲ್ಲದಿದ್ದರೆ ಅಂದಾಜು ಪಟ್ಟಿ ಮುಂದೆ ಹೋಗದು. ಹಾಗಿದ್ದರೆ ಖಾತೆ ಮಾಡಿಸುವುದೇ ಮೊದಲ ಕೆಲಸ.

ಶಾಲೆಯ ಅಂಕಿಅಂಶಗಳನ್ನು ಸರ್ಕಾರಕ್ಕೆ ತುಂಬಿಕೊಡುವ ಯುಡೈಸ್ ನಮೂನೆಯನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಬೀಗ ಬಿದ್ದ ಶೌಚಾಲಯ ಅಲ್ಲಿ 'ಬಳಕೆಯಲ್ಲಿದೆ' ಎಂದಿದ್ದರೆ ಹೊಸದರ ಬೇಡಿಕೆಗೆ ಬಲವಿರದು. ಮುಖ್ಯ ಶಿಕ್ಷಕರಿಗೆ ಹೇಳಿ ತಿದ್ದಿಸಿ.

ನಡಾವಳಿಯನ್ನು ಅಲ್ಲೇ ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿಸಿ. 'ದುರಸ್ತಿ ಮಾಡಿಸುವುದು' ಎಂದಷ್ಟೇ ಬರೆದರೆ ಯಾರೂ ಮಾಡಿಸುವುದಿಲ್ಲ. ಯಾವ ಕೊಠಡಿ, ಏನಾಗಿದೆ, ಯಾವ ಕಚೇರಿ, ಯಾರು ಹೋಗುತ್ತಾರೆ, ಯಾವ ತಾರೀಖಿನೊಳಗೆ ಎಂದು ಬರೆಯಿರಿ. ಅರ್ಜಿಗೆ ಸ್ವೀಕೃತಿ ಪಡೆದು ನಡಾವಳಿ ಪುಸ್ತಕದಲ್ಲೇ ಅಂಟಿಸಿ. ಮುಂದಿನ ಸಭೆ ಆ ಸ್ವೀಕೃತಿಗಳನ್ನು ಒಂದೊಂದಾಗಿ ಓದುವುದರಿಂದಲೇ ಶುರುವಾಗಲಿ.